ಒಂದೇ ಸರಣಿ ತಿರುಗಿ ತಿರುಗಿ ಓದುವ ಮಗನಿಗೆ ಮುಂದೇನು ಕೊಡಲಿ?

ರಬ್ಬರ್‌ಬ್ಯಾಂಡ್ ಕೇಳಿದ್ದು:

ಮಗನಿಗೆ ಹನ್ನೊಂದು. ಹ್ಯಾರಿ ಪಾಟರ್‌ನ ಏಳೂ ಪುಸ್ತಕ ಮುಗಿಸಿದ ದಿನ ಅವನಿಗಿಂತ ನನಗೇ ಹೆಚ್ಚು ಖುಷಿ. ಮರುದಿನ ಮತ್ತೆ ಮೊದಲನೆಯದನ್ನು ಎತ್ತಿಕೊಂಡ. ಇರಲಿ ಅಂದುಕೊಂಡೆ. ಈಗ ಅದು ಎಷ್ಟನೇ ಸುತ್ತು ಅಂತ ಅವನಿಗೂ ಲೆಕ್ಕವಿಲ್ಲ. ಮೂರನೆಯ ಪುಸ್ತಕದ ಬೆನ್ನು ಪೂರ್ತಿ ಕಿತ್ತುಹೋಗಿದೆ, ಹಾಳೆ ಉದುರದ ಹಾಗೆ ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟುಕೊಂಡಿದ್ದಾನೆ.

ಹೊಸದೇನೂ ಹತ್ತುತ್ತಿಲ್ಲ. "ಅದನ್ನು ಓದಿದ್ದಾನೆ ಅಂದಮೇಲೆ ಇದನ್ನು ಬಿಡೋದೇ ಇಲ್ಲ" ಅಂತ ಯಾರ್ಯಾರೋ ಹೇಳಿದ್ದನ್ನೆಲ್ಲ ತಂದಿಟ್ಟೆ. ಒಂದರಲ್ಲಿ ಡ್ರ್ಯಾಗನ್ ಇತ್ತು, "ಬರೀ ಯುದ್ಧ" ಅಂತ ಮುಚ್ಚಿದ. ಇನ್ನೊಂದರಲ್ಲಿ ಕಥೆ ಶುರುವಾಗೋಕೆ ಮುಂಚೆಯೇ ಎರಡು ಪುಟ ಭೂಪಟ, ಒಂದು ಪುಟ ವಂಶಾವಳಿ. ಅದನ್ನು ನೋಡಿಯೇ ಆಕಳಿಸಿದ. ಮತ್ತೊಂದು ಮಾಂತ್ರಿಕ ಶಾಲೆಯದ್ದೇ ಕಥೆ. "ಇದು ನಕಲು" ಅಂದ, ಮುಗೀತು.

ಈ ಮರುಓದನ್ನು ನಿಲ್ಲಿಸಬೇಕಾ? ಮುಂದೆ ಕೊಡೋದಾದರೆ ಏನು ಕೊಡಲಿ? ದಯವಿಟ್ಟು ಇಪ್ಪತ್ತು ಹೆಸರಿನ ಪಟ್ಟಿ ಹಾಕಬೇಡಿ, ಅಂಥವು ನನ್ನ ಹತ್ತಿರ ಬೇಕಾದಷ್ಟಿವೆ. ಒಂದೆರಡು ಸಾಕು, ಆದರೆ ಯಾಕೆ ಅಂತ ಹೇಳಿ.

ನೇರಮಾತು:

ಆ ಸೆಟ್ಟನ್ನು ಕಟ್ಟಿ ಅಟ್ಟಕ್ಕೆ ಹಾಕಿ. ಕೈಗೆ ಸಿಗೋವರೆಗೂ ಅದನ್ನೇ ಓದ್ತಾನೆ. ನನ್ನ ಅಣ್ಣನ ಮಗನಿಗೆ ಹೀಗೇ ಮಾಡಿದ್ದು, ಒಂದು ವಾರ ಮುಖ ಊದಿಸಿಕೊಂಡಿದ್ದ, ಆಮೇಲೆ ಬೇರೆ ಪುಸ್ತಕ ಹಿಡಿದ.

ಗಟ್ಟಿಯಾಗಿ ಓದುವವಳು:

ಅಟ್ಟಕ್ಕೆ ಹಾಕಬೇಡಿ. ಆ ರಬ್ಬರ್ ಬ್ಯಾಂಡ್ ಹಾಕಿದ ಪುಸ್ತಕದಲ್ಲೇ ನಿಮ್ಮ ಉತ್ತರ ಇದೆ.

ನಾನು ಶಾಲೆಯೊಂದರ ಲೈಬ್ರರಿಯಲ್ಲಿ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವ ಕೆಲಸದಲ್ಲಿರುವವಳು. ಬಂದವರೆಲ್ಲ ಕೇಳೋದು ಒಂದೇ ಮಾತು: "ಅದರ ಥರದ್ದೇ ಇನ್ನೊಂದು ಕೊಡಿ." ಅದರ ಥರ ಅಂದರೆ ಯಾವುದರ ಥರ? ಏಳು ಸಂಪುಟದ ಸರಣಿ ಅಂದರೆ ಒಂದೇ ಕಥೆಯಲ್ಲ. ಅದರಲ್ಲಿ ಹಾಸ್ಟೆಲ್ ಕಥೆ ಇದೆ, ಪತ್ತೇದಾರಿ ಇದೆ, ಆಟ ಇದೆ, ಅನಾಥ ಹುಡುಗನಿಗೆ ಮನೆ ಸಿಗುವ ಕಥೆ ಇದೆ, ಕೊನೆಗೆ ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಜೀವ ಅನ್ನುವ ನಮ್ಮ ಅಜ್ಜಿಕಥೆಯೇ ಇದೆ, ಗಿಳಿ ಮಾತ್ರ ಇಲ್ಲ. ಮೊದಲ ಪುಸ್ತಕ ಬ್ರಿಟಿಷ್ ಮುದ್ರಣದಲ್ಲಿ 223 ಪುಟ, ಐದನೆಯದು 766. ಎರಡನ್ನೂ ಒಂದೇ ಮಗು ಒಂದೇ ಕಾರಣಕ್ಕೆ ಓದುತ್ತದೆ ಅಂತ ನನಗಂತೂ ಅನ್ನಿಸಿಲ್ಲ.

ಮರುಓದುವ ಮಗು ಸಾಮಾನ್ಯವಾಗಿ ಪೂರ್ತಿ ಪುಸ್ತಕ ಓದುತ್ತಿರೋದಿಲ್ಲ. ತನಗೆ ಬೇಕಾದ ಜಾಗಕ್ಕೆ ಹೋಗುತ್ತಿರುತ್ತದೆ. "ಏನು ಇಷ್ಟ?" ಅಂತ ಕೇಳಿದರೆ "ಎಲ್ಲಾ" ಅನ್ನುತ್ತವೆ, ಪ್ರಯೋಜನವಿಲ್ಲ. ಅದರ ಬದಲು ಆ ಪುಸ್ತಕದ ಬೆನ್ನು ಎಲ್ಲಿ ಒಡೆದಿದೆ ನೋಡಿ, ತಾನಾಗಿ ಎಲ್ಲಿ ತೆರೆದುಕೊಳ್ಳುತ್ತದೆ ನೋಡಿ. ಯಾವ ಅಧ್ಯಾಯ ಹಾರಿಸುತ್ತಾನೆ ಅಂತಲೂ ಕೇಳಿ. ಇಷ್ಟವಾದದ್ದನ್ನು ಹೇಳೋಕೆ ನಾಚುವ ಮಕ್ಕಳು ಹಾರಿಸಿದ್ದನ್ನು ಧಾರಾಳವಾಗಿ ಹೇಳುತ್ತಾರೆ.

ನಗು ಬೇಕಾಗಿದ್ದರೆ ರಿಕ್ ರಿಯೊರ್ಡನ್ ಅವರ ಪರ್ಸಿ ಜ್ಯಾಕ್ಸನ್ (ಮೊದಲನೆಯದು 2005) ಸಾಕು, ಕಣ್ಣುಮುಚ್ಚಿ ಕೊಡಿ. ಕಥೆ ಹೇಳುವ ಹುಡುಗನಿಗೆ ಓದಲು ಕೂತರೆ ಅಕ್ಷರಗಳು ಕುಣಿಯುತ್ತವೆ, ಕೂತಲ್ಲಿ ಕೂರಲಾಗದು. ಲೇಖಕರ ಮಗನಿಗೇ ಡಿಸ್ಲೆಕ್ಸಿಯಾ ಮತ್ತು ಎಡಿಎಚ್‌ಡಿ ಇತ್ತು, ಅವನಿಗೆ ರಾತ್ರಿ ಹೇಳಿದ ಕಥೆಯಿಂದ ಹುಟ್ಟಿದ ಸರಣಿ ಅದು. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳು ಅದನ್ನು ಹಿಡಿದರೆ ಬಿಡದಿರೋದನ್ನು ನೋಡಿದ್ದೇನೆ.

ಮಂತ್ರ ಕಲಿಯೋದು, ಮಂತ್ರದ ನಿಯಮ, ತಪ್ಪಿದರೆ ಏನಾಗುತ್ತದೆ ಅನ್ನೋದು ಇಷ್ಟವಾಗಿದ್ದರೆ ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ'. 1968ರದ್ದು. ಅಲ್ಲೂ ಮಾಂತ್ರಿಕರ ಶಾಲೆ ಇದೆ, ಆದರೆ ನಿಮ್ಮ ಮಗ "ನಕಲು" ಅನ್ನೋ ಹಾಗಿಲ್ಲ, ಯಾಕಂದರೆ ಇದು ಸುಮಾರು ಮೂವತ್ತು ವರ್ಷ ಮೊದಲೇ ಬಂದದ್ದು. ಶುರುವಿನಲ್ಲೇ ಒಂದು ದೃಶ್ಯ. ಆಡು ಕಾಯುವ ಹುಡುಗ, ಚಿಕ್ಕಮ್ಮ ಹೇಳಿದ್ದ ಒಂದು ಪದ ಕದ್ದು ಕೇಳಿಸಿಕೊಂಡು ಬೆಟ್ಟದ ಮೇಲೆ ತಾನೂ ಕೂಗುತ್ತಾನೆ. ಆಡುಗಳು ಬರುತ್ತವೆ. ಇನ್ನೊಮ್ಮೆ ಕೂಗುತ್ತಾನೆ, ಇನ್ನೂ ಹತ್ತಿರ ಬರುತ್ತವೆ. ಕೊಂಬಿಗೆ ಕೊಂಬು ತಾಗಿಸಿ, ಮೈಗೆ ಮೈ ಒತ್ತಿ, ಸದ್ದೇ ಮಾಡದೆ ಅವನನ್ನು ಸುತ್ತುವರಿದುಬಿಡುತ್ತವೆ. ಕರೆಯೋಕೆ ಬಂತು, ಕಳಿಸೋಕೆ ಬರಲ್ಲ. ಈ ಜಾಗಕ್ಕೆ ಬಂದಾಗ ನಾನು ನಿಲ್ಲಿಸಿ ಮಕ್ಕಳ ಮುಖ ನೋಡುತ್ತೇನೆ. ಹಿಂದಿನ ಬೆಂಚಿನಲ್ಲಿ ಪೆನ್ಸಿಲ್ ಕೆತ್ತುತ್ತಿದ್ದವರೂ ನಿಲ್ಲಿಸಿರುತ್ತಾರೆ. ಮುಂದಿನ ಇಡೀ ಪುಸ್ತಕ ಆ ಆಡುಗಳಲ್ಲೇ ಇದೆ: ಜಂಬಕ್ಕೆ ಏನನ್ನೋ ಕರೆದುಬಿಡೋದು, ಆಮೇಲೆ ಅದರಿಂದ ಓಡೋದು.

ಆದರೆ ಈಗಲೇ ತರಬೇಡಿ. ಮೊದಲು ಬೆನ್ನು ಎಲ್ಲಿ ಒಡೆದಿದೆ ಹೇಳಿ.

ರಬ್ಬರ್‌ಬ್ಯಾಂಡ್:

ನೋಡಿದೆ. ಅವನು ಶಾಲೆಗೆ ಹೋದಾಗ ಪತ್ತೇದಾರಿ ಥರ ಪುಸ್ತಕ ತೆರೆದದ್ದಾಯ್ತು. ಮೂರನೆಯ ಪುಸ್ತಕ ತೆರೆದುಕೊಳ್ಳೋದು ಆ ಮಾಂತ್ರಿಕ ನಕ್ಷೆ ಸಿಗುವ ಕಡೆ, ಕೋಟೆಯೊಳಗೆ ಯಾರು ಎಲ್ಲಿ ಓಡಾಡುತ್ತಿದ್ದಾರೆ ಅಂತ ಶಾಯಿಯಲ್ಲಿ ಚಲಿಸುತ್ತದಲ್ಲ, ಅದು. ಸಂಜೆ ಹಾರಿಸೋದನ್ನು ಕೇಳಿದೆ. ಕ್ವಿಡಿಚ್ ಪಂದ್ಯ ಪೂರ್ತಿ, ಕೊನೆಯ ಪುಸ್ತಕದ ಯುದ್ಧ ಪೂರ್ತಿ! "ಮತ್ತೆ ಏನು ಓದ್ತೀಯೋ?" ಅಂದರೆ, ಕಾರಿಡಾರ್‌ನಲ್ಲಿ ರಾತ್ರಿ ತಿರುಗಾಡೋದು, ಗುಟ್ಟಿನ ಬಾಗಿಲು, ಜಾಗ ಬದಲಿಸುವ ಮೆಟ್ಟಿಲು.

ಇನ್ನೊಂದು. ಅವನ ಗಣಿತದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಕೋಟೆಯ ನಕ್ಷೆ ಸಿಕ್ಕಿತು. ಮಹಡಿಗೊಂದು ಪುಟ. ಮೆಟ್ಟಿಲಿಗೆ ಚುಕ್ಕಿ ಗೆರೆ. ಅಡುಗೆಮನೆಗೆ ಹೋಗುವ ದಾರಿಗೆ ಕೆಂಪು ಪೆನ್ನು.

ಹಾಗಾದರೆ ಭೂಪಟ ಇದ್ದ ಪುಸ್ತಕವನ್ನು ಯಾಕೆ ಮುಚ್ಚಿಟ್ಟ? ಅದೇ ಅರ್ಥವಾಗ್ತಿಲ್ಲ.

ಗಟ್ಟಿಯಾಗಿ ಓದುವವಳು:

ಅಬ್ಬಾ, ಇದು ಸುಲಭವಾಯ್ತು! ನಿಮ್ಮ ಹುಡುಗನಿಗೆ ಮಾಂತ್ರಿಕರೂ ಬೇಡ, ಯುದ್ಧವೂ ಬೇಡ. ಅವನಿಗೆ ಬೇಕಿರೋದು ಕಟ್ಟಡ.

ಭೂಪಟದ ವಿಷಯ. ಕಥೆಗೆ ಮುಂಚೆ ಅಂಟಿಸಿದ ಭೂಪಟ ಬೇರೆ, ಕಥೆಯೊಳಗೆ ಒಬ್ಬರ ಕೈಗೆ ಸಿಗುವ ಭೂಪಟ ಬೇರೆ. ಮೊದಲನೆಯದು ಪರೀಕ್ಷೆಗೆ ಓದಬೇಕಾದ ಪಾಠದಂತೆ ಕಾಣುತ್ತದೆ: ಇನ್ನೂ ಯಾರೂ ಕಾಲಿಡದ ಊರಿನ ಹೆಸರುಗಳು, ಯಾವುದನ್ನು ನೆನಪಿಡಬೇಕೋ ಗೊತ್ತಿಲ್ಲ. ಎರಡನೆಯದನ್ನು ಯಾರೋ ಕದ್ದಿರುತ್ತಾರೆ, ಯಾರೋ ಬಚ್ಚಿಟ್ಟಿರುತ್ತಾರೆ, ಅದರಲ್ಲೊಂದು ತಪ್ಪಿರಬಹುದು, ಗುಟ್ಟಿರಬಹುದು. ಅದನ್ನು ಬಳಸಿ ಏನಾದರೂ ಮಾಡಬೇಕು. ಮಕ್ಕಳ ಸಾಹಸ ಕಾದಂಬರಿಯಲ್ಲಿ ಇದು ಹಳೆಯ ಸಂಗತಿ. ಸ್ಟೀವನ್ಸನ್ 1881ರಲ್ಲಿ ಮಲಮಗನ ಜೊತೆ ಚಿತ್ರ ಬಿಡಿಸುತ್ತ ಕೂತಾಗ ಒಂದು ದ್ವೀಪದ ನಕ್ಷೆ ಬರೆದರು, ಅದನ್ನು ನೋಡುತ್ತಾ ನೋಡುತ್ತಾ 'ಟ್ರೆಷರ್ ಐಲ್ಯಾಂಡ್' ಹುಟ್ಟಿತು. ಮುಂದಿನದು ಇನ್ನೂ ಚೆನ್ನಾಗಿದೆ: ಪ್ರಕಾಶಕರಿಗೆ ಕಳಿಸಿದಾಗ ಆ ನಕ್ಷೆ ಕಳೆದುಹೋಯಿತು. 1883ರಲ್ಲಿ ಪುಸ್ತಕ ಬರೋಕೆ ಮುಂಚೆ, ಬರೆದ ಕಥೆಯನ್ನೇ ಮತ್ತೆ ಓದಿ, ಅಳತೆಗಳನ್ನು ಹೆಕ್ಕಿ, ಹೊಸದಾಗಿ ನಕ್ಷೆ ಬಿಡಿಸಬೇಕಾಯಿತು. ಈ ಎರಡನೆಯದು ತನಗೆ ಆ ದ್ವೀಪ ಅನ್ನಿಸಲೇ ಇಲ್ಲ ಅಂತ ಸ್ಟೀವನ್ಸನ್ ಬೇಸರಪಟ್ಟಿದ್ದಾರೆ. ನಿಮ್ಮ ಮಗ ನೋಟ್‌ಬುಕ್ಕಿನಲ್ಲಿ ಮಾಡುತ್ತಿರೋದು ಆ ಎರಡನೆಯ ಕೆಲಸವನ್ನೇ, ಓದಿ ಓದಿ ನಕ್ಷೆ ತೆಗೆಯೋದು. ಅದಕ್ಕೇ ಮರುಓದು. ಅಳತೆ ತಾಳೆಯಾಗಬೇಡವೇ?

ಹಾಗಾಗಿ ನನ್ನ ಮೊದಲ ಆಯ್ಕೆ ಡಯಾನಾ ವಿನ್ ಜೋನ್ಸ್ ಅವರ 'ಹೌಲ್ಸ್ ಮೂವಿಂಗ್ ಕ್ಯಾಸಲ್' (1986). ಹೊರಗಿನಿಂದ ನೋಡಿದರೆ ಹೊಗೆ ಕಾರುತ್ತ ಬಯಲಲ್ಲಿ ಓಡಾಡುವ ಕರಿ ಕೋಟೆ. ಒಳಗೆ ಹೋದರೆ ಇಕ್ಕಟ್ಟಾದ, ಗಲೀಜು ಮನೆ. ಬಾಗಿಲ ಮೇಲೆ ಚೌಕಾಕಾರದ ಮರದ ಗುಂಡಿ, ನಾಲ್ಕು ಬದಿಗೂ ಒಂದೊಂದು ಬಣ್ಣದ ಗುರುತು. ಯಾವ ಬಣ್ಣ ಕೆಳಗೆ ಬರುವ ಹಾಗೆ ತಿರುಗಿಸುತ್ತೀರೋ, ಅದೇ ಬಾಗಿಲು ಆ ಊರಿಗೆ ತೆರೆಯುತ್ತದೆ. ಒಂದು ಬಣ್ಣಕ್ಕೆ ಬಂದರು, ಇನ್ನೊಂದಕ್ಕೆ ರಾಜಧಾನಿ, ಮತ್ತೊಂದಕ್ಕೆ ಬಯಲು. ಕಪ್ಪು ಎಲ್ಲಿಗೆ ಅಂತ ನಾನು ಹೇಳಲ್ಲ, ನೀವೂ ಮುಂಚೆ ಓದಿ ಹೇಳಿಬಿಡಬೇಡಿ. ಇದರ ನಕ್ಷೆ ಬರೆಯೋಕೆ ಕೂತರೆ ಅವನಿಗೆ ತಲೆ ಕೆಡುತ್ತದೆ. ಮನೆ ಎಲ್ಲಿದೆ ಅನ್ನುವುದೇ ಪ್ರಶ್ನೆ. ನಾಯಕಿ ಸೋಫಿ ಶಾಪಕ್ಕೆ ಸಿಕ್ಕಿ ಮುದುಕಿಯಾದ ಹುಡುಗಿ. ಅಜ್ಜಿಯ ಕಥೆ ಅಂತ ಹುಡುಗರು ಮೂಗು ಮುರೀತಾರೆ ಅಂದುಕೊಳ್ಳುತ್ತೀರಾ? ಇಲ್ಲ. ವಯಸ್ಸಾದ ಮೇಲೆ ಯಾರಿಗೂ ಹೆದರಬೇಕಿಲ್ಲ ಅಂತ ಗೊತ್ತಾಗಿ ಆಕೆ ಮಾಂತ್ರಿಕನ ಮನೆ ಗುಡಿಸೋಕೆ ಶುರುಮಾಡುತ್ತಾಳಲ್ಲ, ಅಲ್ಲಿಂದ ಮಕ್ಕಳು ಆಕೆಯ ಕಡೆ.

ಸಿನಿಮಾ ನೋಡಿದ್ದರೂ ಪರವಾಗಿಲ್ಲ, ಪುಸ್ತಕ ಸಾಕಷ್ಟು ಬೇರೆ ದಾರಿ ಹಿಡಿಯುತ್ತದೆ.

ಎರಡನೆಯದು ಟೋಲ್ಕಿನ್ ಅವರ 'ದ ಹಾಬಿಟ್' (1937). ಇಲ್ಲೂ ಭೂಪಟ ಇದೆ, ಆದರೆ ಅದು ಕಥೆಯ ಒಳಗಿನದು. ಚಂದ್ರನ ಬೆಳಕಿನಲ್ಲಿ ಮಾತ್ರ ಕಾಣುವ ಅಕ್ಷರಗಳು, ಅದೂ ಬರೆದ ದಿನದ್ದೇ ಋತು, ಅದೇ ಆಕಾರದ ಚಂದ್ರ ಇದ್ದರೆ ಮಾತ್ರ. ಗುಟ್ಟಿನ ಬಾಗಿಲ ಬೀಗದ ಕಿಂಡಿ ವರ್ಷದ ಒಂದು ನಿರ್ದಿಷ್ಟ ದಿನದ ಇಳಿಬಿಸಿಲಿಗೆ ಕಾಣಬೇಕು. ಮೊದಲ ಅಧ್ಯಾಯದಲ್ಲಿ ಹದಿಮೂರು ಕುಳ್ಳರು ಸಾಲಾಗಿ ಬರುತ್ತಾರೆ, ಹೆಸರು ನೆನಪಿಡಬೇಡ ಅಂತ ಮುಂಚೆಯೇ ಹೇಳಿಬಿಡಿ. ಟೋಲ್ಕಿನ್‌ಗೂ ಅವರಲ್ಲಿ ನಾಲ್ಕೈದು ಮಂದಿಯ ಮೇಲೆ ಮಾತ್ರ ಪ್ರೀತಿ ಅಂತ ನನ್ನ ಗುಮಾನಿ.

ಇಬ್ಬರು ಮಕ್ಕಳ ಅಪ್ಪ:

ಮಧ್ಯೆ ಬಾಯಿ ಹಾಕ್ತಿದ್ದೇನೆ. ಮೇಲೆ ಹೇಳಿದ ಅರ್ತ್‌ಸೀ ಹನ್ನೊಂದಕ್ಕೆ ಸ್ವಲ್ಪ ಜಾಸ್ತಿ ಆಗಲ್ವಾ? ಸತ್ತವರನ್ನು ಕರೆಯೋದು, ಮುಖವಿಲ್ಲದ ನೆರಳು ಬೆನ್ನು ಹತ್ತೋದು. ನನ್ನ ಮಗಳು ಆ ಜಾಗದಲ್ಲಿ ದೀಪ ಆರಿಸಬೇಡ ಅಂದಳು. ಪುಸ್ತಕಗಳ ಮೇಲೆ ವಯಸ್ಸು ಹಾಕೋದು ಸುಮ್ಮನೆ ಅಲ್ಲ.

ಗಟ್ಟಿಯಾಗಿ ಓದುವವಳು:

ಹೆದರಿದಳು ಸರಿ. ಪುಸ್ತಕ ಮುಚ್ಚಿದಳಾ?

ವಯಸ್ಸಿನ ಚೀಟಿಯ ಬಗ್ಗೆ ನನಗೆ ಅಂಥ ಗೌರವವಿಲ್ಲ. 'ದ ಹಾಬಿಟ್' ಹಸ್ತಪ್ರತಿ ಬಂದಾಗ ಪ್ರಕಾಶಕ ಸ್ಟ್ಯಾನ್ಲಿ ಅನ್‌ವಿನ್ ಅದನ್ನು ತಮ್ಮ ಹತ್ತು ವರ್ಷದ ಮಗನಿಗೆ ಕೊಟ್ಟು, ಓದಿ ಅಭಿಪ್ರಾಯ ಬರೆದರೆ ಒಂದು ಶಿಲ್ಲಿಂಗ್ ಅಂದರು. ಹುಡುಗ ಮೆಚ್ಚಿ ಬರೆದ. ಕೊನೆಯಲ್ಲಿ ಏನಂದ ಗೊತ್ತಾ? ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಹಿಡಿಸುತ್ತದೆ. ತನಗೆ ಹತ್ತು, ಹಾಗಾಗಿ ಇದು ಚಿಕ್ಕವರಿಗೆ! ಮಕ್ಕಳು ತಮಗಿಂತ ಕೆಳಗಿನವರಿಗೆ ಅಂತ ಹೇಳುತ್ತಲೇ ಓದಿ ಮುಗಿಸುತ್ತವೆ, ದೊಡ್ಡವರು ಇನ್ನೂ ಎರಡು ವರ್ಷ ಹೋಗಲಿ ಅನ್ನುತ್ತಿರುತ್ತಾರೆ.

ಹೆದರಿಕೆಯಲ್ಲೂ ನಾನು ನೋಡೋದು ಒಂದನ್ನೇ: ಕತ್ತಲೆಯ ಜಾಗಕ್ಕೆ ಹೋದಾಗ ಜೊತೆಗೆ ಯಾರಾದರೂ ಇದ್ದಾರಾ? ಅರ್ತ್‌ಸೀಯಲ್ಲಿ ಕೊನೆಯ ದೋಣಿಯಾನಕ್ಕೆ ಗೆಳೆಯ ಬರುತ್ತಾನೆ. ನೆರಳಿಗೆ ಹುಡುಗ ಬೆನ್ನು ಕೊಟ್ಟು ಓಡುವವರೆಗೆ ಭಯ, ತಿರುಗಿ ತಾನೇ ಅದನ್ನು ಅಟ್ಟಿಸಿಕೊಂಡು ಹೊರಟ ಮೇಲೆ ಓದುವ ಮಗುವಿನ ಉಸಿರೇ ಬದಲಾಗುತ್ತದೆ. ಆ ತಿರುವಿಗೆ ಮುಂಚೆ ನಿಲ್ಲಿಸಿದರೆ ಮಾತ್ರ ಕಷ್ಟ. ಆದ್ದರಿಂದ ರಾತ್ರಿ ಓದೋದಾದರೆ ಆ ಅಧ್ಯಾಯಗಳನ್ನು ತುಂಡು ಮಾಡಬೇಡಿ, ಬೇಕಾದರೆ ರಜೆಯ ದಿನ ಹಗಲಲ್ಲಿ ಒಟ್ಟಿಗೆ ಓದಿ. ನಿಮ್ಮ ಮಗಳು ಅಲ್ಲೇ ಬಿಟ್ಟಿದ್ದರೆ ಉಳಿದದ್ದನ್ನು ನೀವೇ ಓದಿ ಹೇಳಿ.

ಕಪಾಟಿನ ಕೀಲಿ:

ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿ ಯಾರೂ ಹೇಳಲಿಲ್ಲವಲ್ಲ? ಬೀರುವಿನೊಳಗೆ ಹೋದರೆ ಕಾಡು, ಕಟ್ಟಡದ ಹುಚ್ಚು ಇರೋನಿಗೆ ಸರಿಯಾಗಿದೆ. ಒಂದು ಗೊಂದಲ: ನಮ್ಮ ಸೆಟ್ಟಿನಲ್ಲಿ ಒಂದನೇ ನಂಬರ್ 'ದ ಮ್ಯಾಜಿಶಿಯನ್ಸ್ ನೆಫ್ಯೂ'. ಆದರೆ ಮೊದಲು ಬಂದದ್ದು ಬೀರುವಿನ ಕಥೆ ಅಂತಾರೆ. ಯಾವುದರಿಂದ ಶುರು?

ಗಟ್ಟಿಯಾಗಿ ಓದುವವಳು:

ಬೀರುವಿನಿಂದ. 1950ರಲ್ಲಿ ಬಂದದ್ದು ಅದೇ, ಈಗ ಒಂದನೇ ನಂಬರ್ ಹಾಕಿಕೊಂಡಿರೋದು 1955ರದ್ದು. ಕಥೆಯ ಕಾಲಕ್ರಮದಲ್ಲಿ ಓದೋದೇ ಸರಿ ಅಂದ ಒಬ್ಬ ಓದುಗ ಹುಡುಗನಿಗೆ, ಹೌದು ನಿನ್ನ ಕ್ರಮವೇ ನನಗೂ ಒಪ್ಪಿಗೆ ಅಂತ ಲೂಯಿಸ್ 1957ರಲ್ಲಿ ಕಾಗದ ಬರೆದದ್ದೂ ನಿಜ, ಆ ಕಾಗದ ಹಿಡಿದೇ ನಂಬರ್ ಬದಲಾಯಿಸಿದರು. ಲೇಖಕರು ಹೇಳಿದರೂ ನಾನು ಒಪ್ಪಲ್ಲ. ಹಿಮದ ಕಾಡಿನ ನಡುವೆ ಒಂದು ಬೀದಿದೀಪ ಯಾಕೆ ಉರಿಯುತ್ತಿದೆ ಅನ್ನುವುದು ಗೊತ್ತಿಲ್ಲದೆ ಬೀರುವಿನಿಂದ ಆಚೆ ಬರಬೇಕು. ಕಾಲಕ್ರಮದಲ್ಲಿ ಓದಿದರೆ ಆ ದೀಪ ಎಲ್ಲಿಂದ ಬಂತು ಅಂತ ಮೊದಲೇ ತಿಳಿದಿರುತ್ತದೆ, ಕಥೆಯ ಹುಡುಗಿ ಲೂಸಿ ಬೆರಗಾದಾಗ ನಿಮ್ಮ ಮಗು "ನನಗೆ ಗೊತ್ತು" ಅನ್ನುತ್ತದೆ. ಆ ಬೆರಗನ್ನು ಕಳೆದುಕೊಳ್ಳೋಕೆ ನಾನಂತೂ ಸಿದ್ಧಳಿಲ್ಲ.

ರಬ್ಬರ್‌ಬ್ಯಾಂಡ್ ಅವರಿಗೆ ಮಾತ್ರ ಈಗ ಇದು ಬೇಡ ಅಂತ ಬಿಟ್ಟದ್ದು. ಬೀರು ಬರೀ ಬಾಗಿಲು. ದಾಟಿದ ಮೇಲೆ ಬಯಲು, ಕಾಡು, ಕೊನೆಗೆ ಅವನು ಹಾರಿಸುವ ಯುದ್ಧ.

ರಬ್ಬರ್‌ಬ್ಯಾಂಡ್:

'ಹೌಲ್' ತಂದೆ. ಏನೂ ಹೇಳದೆ ಮೇಜಿನ ಮೇಲೆ ಇಟ್ಟೆ. ಎರಡು ದಿನ ಹಾಗೇ ಬಿದ್ದಿತ್ತು. ನಿನ್ನೆ ಬಾಗಿಲ ಗುಂಡಿಯ ಭಾಗ ತಲುಪಿದ ಅಂತ ಕಾಣುತ್ತದೆ, ನಮ್ಮ ಕೋಣೆಗೆ ಬಂದು "ಒಂದೇ ಬಾಗಿಲು ನಾಲ್ಕು ಕಡೆ ತೆರೆದರೆ ಕಿಟಕಿಯಿಂದ ಏನು ಕಾಣಬೇಕು?" ಅಂತ ಕೇಳಿದ. ನನಗೆ ಉತ್ತರ ಗೊತ್ತಿಲ್ಲ, ಗೊತ್ತಿದ್ದರೂ ನೀವು ಹೇಳಬೇಡ ಅಂದಿದ್ದೀರಿ.

ಇದಾದ ಮೇಲೆ ಹಾಬಿಟ್. ಅರ್ತ್‌ಸೀಯನ್ನು ಅದರ ನಂತರ ಇಡಲಾ? ಅದರಲ್ಲಿ ಕಟ್ಟಡ ಇದೆಯಾ?

ಗಟ್ಟಿಯಾಗಿ ಓದುವವಳು:

ಮೊದಲನೆಯದರಲ್ಲಿ ದ್ವೀಪಗಳು, ಸಮುದ್ರ. ಶಾಲೆ ಇದೆ, ಆದರೆ ಕಥೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲ್ಲ. ನಿಮ್ಮ ಹುಡುಗನಿಗೆ ಹೇಳಿ ಮಾಡಿಸಿದ್ದು ಎರಡನೆಯದು, 'ದ ಟೂಂಬ್ಸ್ ಆಫ್ ಅಟುವಾನ್' (1971). ನೆಲದಡಿ ಒಂದು ಚಕ್ರವ್ಯೂಹ. ಅದರ ಮೊದಲ ಗುಹೆಯಲ್ಲಿ ಬೆಳಕು ತರುವುದೇ ನಿಷಿದ್ಧ. ಅಲ್ಲಿಯ ಪೂಜಾರಿಣಿಯಾಗಿ ಬೆಳೆದ ಹುಡುಗಿ ಗೋಡೆ ಮುಟ್ಟಿ, ತಿರುವು ಎಣಿಸಿ, ಎಡಕ್ಕೆಷ್ಟು ಬಲಕ್ಕೆಷ್ಟು ಅಂತ ಬಾಯಿಪಾಠ ಮಾಡಿ ದಾರಿ ಕಲಿಯುತ್ತಾಳೆ. ಪುಸ್ತಕದಲ್ಲಿ ಅದರ ನಕ್ಷೆ ಇದ್ದರೆ ಓದುವ ಮುಂಚೆ ಆ ಪುಟಕ್ಕೆ ಕ್ಲಿಪ್ ಹಾಕಿಬಿಡಿ, ಅವನೇ ಬರೆಯಲಿ, ಆಮೇಲೆ ಹೋಲಿಸಲಿ.

ಒಂದು ಎಚ್ಚರಿಕೆ. ಮೊದಲ ಪುಸ್ತಕದ ನಾಯಕ ಇದರಲ್ಲಿ ಶುರುವಿನ ಕೆಲವು ಅಧ್ಯಾಯ ಕಳೆದರೂ ಕಾಣಿಸಲ್ಲ. "ಅವನೆಲ್ಲಿ?" ಅಂತ ಬಿಟ್ಟುಬಿಡುವ ಮಕ್ಕಳಿದ್ದಾರೆ. ಬರ್ತಾನೆ, ಕತ್ತಲಲ್ಲಿ ಬರ್ತಾನೆ ಅಂತಷ್ಟೇ ಹೇಳಿಡಿ.